ವಿದೇಶದಲ್ಲಿ ಎಂಬಿಬಿಎಸ್: ಸೇರುವ ಮುನ್ನ



ಪೊಳಲಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿದೇಶಿ ವೈದ್ಯಕೀಯ ಕಾಲೇಜೊಂದರ ಕರಪತ್ರ ಹಿಡಿದು ಬಂದು, "ಸರ್, ಸೇರಬಹುದೇ?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ನೀಟ್‌ನಲ್ಲಿ ಅರ್ಹತೆ ಪಡೆಯಿರಿ. 2018ರಿಂದ ಇದು ಕಡ್ಡಾಯ. 2021ರ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳಿನದ್ದಾಗಿದ್ದು, ಆಂಗ್ಲ ಮಾಧ್ಯಮದಲ್ಲಿರಬೇಕು. ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು. ಆ ಪದವಿಯಿಂದ ಆ ದೇಶದಲ್ಲೂ ವೈದ್ಯವೃತ್ತಿ ನಡೆಸಲು ಸಾಧ್ಯವಿರಬೇಕು. ಮರಳಿದ ಮೇಲೆ ಎಫ್‌ಎಂಜಿಇ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಬೇಕು. ನಂತರ ಇಲ್ಲಿಯೂ ಇಂಟರ್ನ್‌ಶಿಪ್.

ಇವುಗಳಲ್ಲಿ ಒಂದು ತಪ್ಪಿದರೂ ವರ್ಷಗಳ ಶ್ರಮ, ತಾಯಿಯ ಒಡವೆ ಮಾರಿದ ಹಣ ಎರಡೂ ನೀರುಪಾಲು. ಪೋಷಕರೇ, ಏಜೆಂಟರಿಗೆ ಮುಂಗಡ ಕೊಡುವ ಮೊದಲು ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಓದಿ. ಅರ್ಥವಾಗದಿದ್ದರೆ ನಮ್ಮ ಬಳಿ ಬನ್ನಿ, ಒಟ್ಟಿಗೆ ಓದೋಣ.