ಗೌರವಧನ ಎಂಬ ಮಾತಿನ ಹಿಂದೆ

(ಚಿಕ್ಕಬಳ್ಳಾಪುರದ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಮದುವೆ ಪತ್ರಿಕೆ, ಬಿಲ್ ಬುಕ್, ಕರಪತ್ರ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಓದಿದ್ದು ಪಿಯುಸಿ. ಆದರೆ ನಾಲ್ಕು ಜನರಿಗೆ ಕೆಲಸ ಕೊಟ್ಟು ತಿಂಗಳ ಕೊನೆಗೆ ಸಂಬಳ ಎಣಿಸುವವನಿಗೆ, ಆಳಿನ ಕಷ್ಟ ಅಷ್ಟಿಷ್ಟು ಗೊತ್ತಿರುತ್ತದೆ. ಇವತ್ತು ಅಂಗನವಾಡಿ ಟೀಚರುಗಳ ಬಗ್ಗೆ ಮಾತಾಡುತ್ತೇನೆ. ಕನ್ನಡದ ಸಭೆಯಲ್ಲಿ ಅಂಗನವಾಡಿ ಯಾಕೆ ಅಂತೀರಾ?

ನಮ್ಮದು ಗಡಿ ಜಿಲ್ಲೆ. ಗೌರಿಬಿದನೂರು ದಾಟಿದರೆ ಹಿಂದೂಪುರ, ಚಿಂತಾಮಣಿಯಿಂದಾಚೆ ಮದನಪಲ್ಲಿ. ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಎಷ್ಟೋ ಮನೆಗಳಲ್ಲಿ ಉರ್ದು. ಅಂಥ ಮಗುವಿಗೆ ಕನ್ನಡದ ಮೊದಲ ಪಾಠಶಾಲೆ ಅಂಗನವಾಡಿ. ಮಗು 'ಆಕಲಿ' ಅನ್ನುತ್ತದೆ. ಟೀಚರ್ ಗದರದೆ ಅನ್ನ ಬಡಿಸುತ್ತಾ 'ಹಸಿವಾಯ್ತಾ ಕಂದಾ' ಅನ್ನುತ್ತಾರೆ. ನಾವು ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯುವುದಕ್ಕಿಂತ ದೊಡ್ಡ ಕನ್ನಡದ ಕೆಲಸ ಅದು! 2024ರಲ್ಲಿ ಮೂಡಿಗೆರೆಯ ಕಡೆ ಟೀಚರಿಗೆ ಉರ್ದು ಬರಬೇಕೆಂಬ ಪ್ರಕಟಣೆಗೆ ಗದ್ದಲ ಎದ್ದಿತು. ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ: ಟೀಚರಿಗೆ ಕನ್ನಡ ಕಡ್ಡಾಯವಾಗಿ ಬರಲೇಬೇಕು, ಜೊತೆಗೆ ಮಗುವಿನ ಮಾತೂ ಬಂದರೆ ಲಾಭ ಕನ್ನಡಕ್ಕೇ.

ಈ ಯೋಜನೆ ಹುಟ್ಟಿದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಐವತ್ತು ವರ್ಷ ಕಳೆಯಿತು. ಇವತ್ತಿಗೂ ಅವರು ನೌಕರರಲ್ಲ, 'ಕಾರ್ಯಕರ್ತೆ'. ಪಡೆಯುವುದು ಸಂಬಳವಲ್ಲ, 'ಗೌರವಧನ'. ಕೆಲಸ ಮಾತ್ರ ಗೌರವಕ್ಕೆ ಮಾಡುವಷ್ಟಿಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಪಾಠ, ಆಟ, ಊಟ. ತೂಕ ನೋಡಬೇಕು, ಚುಚ್ಚುಮದ್ದಿಗೆ ತಾಯಂದಿರನ್ನು ಕರೆತರಬೇಕು. 2013ರಲ್ಲಿ ಕ್ಷೀರಭಾಗ್ಯ ಬಂತು, 2017ರಲ್ಲಿ ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟದ ಮಾತೃಪೂರ್ಣ ಬಂತು. ಎರಡೂ ಒಳ್ಳೆಯ ಯೋಜನೆಗಳೇ. ಆದರೆ ಕೈಗಳು ಅವೇ ನಾಲ್ಕು: ಟೀಚರದ್ದು ಎರಡು, ಸಹಾಯಕಿಯದ್ದು ಎರಡು. ಸಹಾಯಕಿ ಹುದ್ದೆ ಖಾಲಿಯಾದರೆ ಟೀಚರೇ ಅಡುಗೆಯವರು. ಆಗ ಪಾಠ ಎಲ್ಲಿಂದ ಬಂತು? ಇದರ ಮೇಲೆ ಮನೆ ಮನೆ ಸರ್ವೆ, ಮತದಾರರ ಪಟ್ಟಿ. 2018ರಲ್ಲಿ ಕೇಂದ್ರ ಗೊತ್ತುಮಾಡಿದ ಗೌರವಧನ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ರೂಪಾಯಿ. ಅದಕ್ಕೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಸೌದೆ ಪಾತ್ರೆ ಎತ್ತುವವಳಿಗೆ ಸರಿಯಾಗಿ ಅರ್ಧ! ಇದು ಯಾವ ಲೆಕ್ಕ?

ಕೋರ್ಟಿನ ಕಥೆ ಕೇಳಿ. ಅಂಗನವಾಡಿಯದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದು ನಮ್ಮ ಕರ್ನಾಟಕದ್ದೇ ಮೊಕದ್ದಮೆಯಲ್ಲಿ. 2022ರ ಏಪ್ರಿಲ್ 25ರಂದು ಗುಜರಾತಿನ ಮೊಕದ್ದಮೆಯಲ್ಲಿ ಅದೇ ಕೋರ್ಟು, ಇವರಿಗೆ ಗ್ರಾಚ್ಯುಟಿ ಸಲ್ಲಬೇಕು, ಗೌರವಧನವೂ ಕೂಲಿಯೇ ಅಂದಿತು. ಹದಿನಾರು ವರ್ಷ ಹಿಡಿಯಿತು ನೋಡಿ, ಕೂಲಿಯನ್ನು ಕೂಲಿ ಅನ್ನಲು.

2021ರ ಮಾರ್ಚಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆಪ್ ಬಂತು. ಮಗುವಿನ ತೂಕ, ಹಾಜರಿ, ಊಟ ಎಲ್ಲವನ್ನೂ ಅದರಲ್ಲೇ ತುಂಬಬೇಕು. ಮಹಾರಾಷ್ಟ್ರದ ಟೀಚರುಗಳು, ನಮಗೆ ಇಂಗ್ಲಿಷ್ ಬೇಡ, ಮರಾಠಿ ಬೇಕೆಂದು ಹೈಕೋರ್ಟಿನವರೆಗೆ ಹೋದರು. ನಾವು ಕನ್ನಡದವರು ಆಗ ಎಲ್ಲಿದ್ದೆವು?

ಇನ್ನೊಂದು ಪೆಟ್ಟು ಎಲ್‌ಕೆಜಿ. 2019ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ಶುರುವಾಯಿತು. ಮಗು ಅಲ್ಲಿಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವವರು ಯಾರು? 2024ರಲ್ಲಿ ಟೀಚರುಗಳು ಬೆಂಗಳೂರಿಗೆ ಹೋಗಿ ಧರಣಿ ಕೂತರು. ಆಮೇಲೆ ಬೆಂಗಳೂರಿನ ಕೆಲವು ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆದರು. ಸರಿ, ತೆರೆಯಲಿ. ಆದರೆ ತರಬೇತಿ, ಪುಸ್ತಕ, ಕೊಠಡಿ ಕೊಟ್ಟು ತೆರೆಯಲಿ. ಮಾಧ್ಯಮದ ವಿಷಯದಲ್ಲಿ ಬಲವಂತ ಕೂಡದೆಂದು 2014ರ ಮೇ 6ರಂದು ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಇನ್ನು ತಾಯಂದಿರೇ ಹುಡುಕಿಕೊಂಡು ಬರುವಷ್ಟು ಚೆನ್ನಾಗಿ ಕನ್ನಡದಲ್ಲಿ ಕಲಿಸಬೇಕು, ಬೇರೆ ದಾರಿಯಿಲ್ಲ.

ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇರುತ್ತದೆ. ನಿಮ್ಮ ವಾರ್ಡಿನ ಸಮಿತಿಯಲ್ಲಿ ಯಾರಿದ್ದಾರೆ, ಸಭೆ ಯಾವಾಗ ಎಂದು ಕೇಳಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ, ಖಾಲಿ ಹುದ್ದೆ ಎಷ್ಟು, ಎಷ್ಟು ದಿನದಿಂದ ಖಾಲಿ ಎಂದು ಕನ್ನಡದಲ್ಲಿ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಎಲ್ಲ ತಾಲ್ಲೂಕಿನ ಮನವಿಪತ್ರ ಅಚ್ಚು ಹಾಕುವ ಖರ್ಚು ನನ್ನದು. ಒಕ್ಕಣೆ ಸೋಮವಾರದೊಳಗೆ ಪ್ರೆಸ್ಸಿಗೆ ತಂದುಕೊಡಿ.