‘ಬಂದಿಲ್ಲ’ ಮತ್ತು ‘ಬರಲಿಲ್ಲ’: ಇಂಗ್ಲಿಷಿನ ಎರಡು ಭೂತಕಾಲಗಳನ್ನು ಕಲಿಸುವ ಬಗೆ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಶಿಕ್ಷಕರು ಹಾಗೂ ವಿದ್ಯಾರ್ಥಿಗಳಿಗಾಗಿ ನಿವೃತ್ತ ಇಂಗ್ಲಿಷ್ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

‘ಇಂಗ್ಲಿಷ್ ಭಾಷೆಯ ಮಹತ್ವ’ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದರು. ಅದರ ಮಹತ್ವ ಗೊತ್ತಿಲ್ಲದವರು ಈ ಸಭಾಂಗಣದಲ್ಲಿ ಯಾರೂ ಇಲ್ಲ. ಗೊತ್ತಿರುವುದರಿಂದಲೇ ತಂದೆತಾಯಿಗಳು ಸಾಲ ಮಾಡಿ ಫೀಸು ಕಟ್ಟುತ್ತಿದ್ದಾರೆ. ಆದ್ದರಿಂದ ಅವರ ಅಪ್ಪಣೆ ಪಡೆದು ವಿಷಯವನ್ನು ಬಹಳ ಚಿಕ್ಕದು ಮಾಡಿಕೊಂಡಿದ್ದೇನೆ. ಇಂಗ್ಲಿಷಿನ ಎರಡು ಕ್ರಿಯಾರೂಪಗಳ ಬಗ್ಗೆ ಮಾತ್ರ ಹೇಳುತ್ತೇನೆ. ಒಂದು ಸಿಂಪಲ್ ಪಾಸ್ಟ್, ಇನ್ನೊಂದು ಪ್ರೆಸೆಂಟ್ ಪರ್ಫೆಕ್ಟ್. ‘ಐ ವರ್ಕ್ಡ್’ ಮತ್ತು ‘ಐ ಹ್ಯಾವ್ ವರ್ಕ್ಡ್’.

ಇಷ್ಟು ಸಣ್ಣ ವಿಷಯಕ್ಕೆ ಒಂದು ಭಾಷಣವೇ ಎಂದು ಕೆಲವರು ನಗಬಹುದು. ನಾನೂ ಬಹಳ ವರ್ಷ ಇದನ್ನು ಸಣ್ಣ ವಿಷಯವೆಂದೇ ತಿಳಿದಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಗ್ಯಾರೇಜಿನಲ್ಲಿ ಒಳ್ಳೆಯ ಮೆಕ್ಯಾನಿಕ್, ಕೊಲ್ಲಿ ದೇಶದ ಕೆಲಸಕ್ಕೆ ಅರ್ಜಿ ಹಾಕಿದ. ಅರ್ಜಿಯಲ್ಲಿ ‘ಐ ವರ್ಕ್ಡ್ ಇನ್ ಎ ಗ್ಯಾರೇಜ್ ಫಾರ್ ಫೈವ್ ಇಯರ್ಸ್’ ಎಂದು ಬರೆದಿದ್ದ. ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ, ‘ಆ ಕೆಲಸ ಏಕೆ ಬಿಟ್ಟೆ?’ ಎಂದು. ಇವನು, ‘ಬಿಟ್ಟಿಲ್ಲ ಸಾರ್, ಈಗಲೂ ಅಲ್ಲೇ ಇದ್ದೇನೆ’ ಎಂದ. ‘ಹಾಗಾದರೆ ಇಲ್ಲಿ ಬರೆದದ್ದು ಸುಳ್ಳೇ?’ ಎಂದು ಅವರು ಕೇಳಿದರು. ಹುಡುಗನ ನಾಲಿಗೆ ಕಟ್ಟಿಹೋಯಿತು. ಉಳಿದ ಪ್ರಶ್ನೆಗಳಿಗೆ ಅವನು ಸರಿಯಾಗಿ ಉತ್ತರಿಸಲಾಗಲಿಲ್ಲ, ಕೆಲಸವೂ ಸಿಗಲಿಲ್ಲ. ಊರಿಗೆ ಬಂದವನು ಈ ಕಥೆಯನ್ನು ನನಗೆ ನಗುತ್ತಲೇ ಹೇಳಿದ. ನನಗೆ ಮಾತ್ರ ನಗು ಬರಲಿಲ್ಲ. ಆ ವಾಕ್ಯದಲ್ಲಿ ಕಾಗುಣಿತ ಸರಿ, ವ್ಯಾಕರಣ ಸರಿ. ‘ಹ್ಯಾವ್’ ಎಂಬ ಒಂದು ಪದ ಇಲ್ಲದ್ದರಿಂದ ಐದು ವರ್ಷದ ಕೆಲಸವೇ ಮುಗಿದುಹೋದ ಕೆಲಸವಾಯಿತು. ಅವನಿಗೆ ಇಂಗ್ಲಿಷ್ ಕಲಿಸಿದವನು ನಾನೇ.

ನಾನು ಕಲಿಸಿದ್ದು ಏನು? ಗೋ, ವೆಂಟ್, ಗಾನ್. ಕಮ್, ಕೇಮ್, ಕಮ್. ಮೂರು ಸಾಲು ಬಾಯಿಪಾಠ. ಮೂರನೆಯ ಸಾಲನ್ನು ಎಲ್ಲಿ ಬಳಸಬೇಕೆಂದು ಮಕ್ಕಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕದಲ್ಲಿ ಹೇಳಿದೆ ಎಂದು ನಾನು, ಪರೀಕ್ಷೆಯಲ್ಲಿ ಖಾಲಿ ಜಾಗ ತುಂಬಿದರೆ ಸಾಕು ಎಂದು ಅವರು.

ನಮ್ಮ ಮಕ್ಕಳು ಇಲ್ಲಿ ಏಕೆ ತಪ್ಪುತ್ತಾರೆ? ‘ನಮ್ಮ ಭಾಷೆಯಲ್ಲಿ ಈ ಭೇದವೇ ಇಲ್ಲ’ ಎನ್ನುವ ಶಿಕ್ಷಕರಿದ್ದಾರೆ. ಅದು ಸರಿಯಲ್ಲ. ಕನ್ನಡದಲ್ಲಿ ಹೋದೆ, ಹೋಗಿದ್ದೇನೆ, ಹೋಗಿದ್ದೆ ಎಂಬ ಮೂರು ರೂಪಗಳಿವೆ. ಮನೆಯ ಉರ್ದುವಿನಲ್ಲಿ ಗಯಾ, ಗಯಾ ಹೂಂ, ಗಯಾ ಥಾ. ಇಂಗ್ಲಿಷಿನಲ್ಲಿ ವೆಂಟ್, ಹ್ಯಾವ್ ಗಾನ್, ಹ್ಯಾಡ್ ಗಾನ್. ಬೋರ್ಡಿನ ಮೇಲೆ ಬರೆದರೆ ಮೂರೂ ಭಾಷೆ ಎಷ್ಟು ಚೆನ್ನಾಗಿ ಹೊಂದುತ್ತವೆ! ಮೋಸವಾಗುವುದು ಅಲ್ಲೇ. ರೂಪ ಹೊಂದಿದ ಮಾತ್ರಕ್ಕೆ ಬಳಕೆ ಹೊಂದುವುದಿಲ್ಲ.

ಸೋಮವಾರ ಬೆಳಿಗ್ಗೆ ಹುಡುಗನನ್ನು ‘ನಿನ್ನೆ ಎಲ್ಲಿ ಹೋಗಿದ್ದೆ?’ ಎಂದು ಕೇಳಿ. ‘ಹಿರಿಯೂರಿಗೆ ಹೋಗಿದ್ದೆ ಸಾರ್’ ಎನ್ನುತ್ತಾನೆ. ಮನೆಯಲ್ಲಾದರೆ ‘ಹಿರಿಯೂರ್ ಗಯಾ ಥಾ’ ಎನ್ನುತ್ತಾನೆ. ಎರಡೂ ಶುದ್ಧವಾದ ಮಾತು. ಹೋಗಿ ಬಂದಾಯಿತು, ವಿಷಯ ಮುಗಿಯಿತು ಎಂಬ ಭಾವ ಅದರಲ್ಲಿದೆ. ಅವನು ಬರೀ ‘ಹಿರಿಯೂರಿಗೆ ಹೋದೆ’ ಎಂದು ನಿಲ್ಲಿಸಿದರೆ ನಾವು ‘ಹೂಂ, ಆಮೇಲೆ?’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. ‘ಐ ವೆಂಟ್ ಟು ಹಿರಿಯೂರ್ ಯೆಸ್ಟರ್‌ಡೇ’ ಎಂದರೆ ಮಾತು ಮುಗಿಯಿತು. ‘ಐ ಹ್ಯಾಡ್ ಗಾನ್’ ಎಂದರೆ ಕೇಳುವವನು ಕಾಯುತ್ತಾನೆ, ‘ಯಾವುದಕ್ಕಿಂತ ಮುಂಚೆ ಹೋಗಿದ್ದೆ?’ ಎಂದು. ನಮ್ಮ ಹುಡುಗ ಬಾಯಿ ತೆರೆದರೆ ‘ಹ್ಯಾಡ್’ ಬರುವುದಕ್ಕೆ ಕಾರಣ ದಡ್ಡತನವಲ್ಲ. ಮನೆಯಲ್ಲೂ ಬೀದಿಯಲ್ಲೂ ಸರಿಯಾಗಿ ಮಾತನಾಡಿದ ಅಭ್ಯಾಸ ಅದು.

ಉರ್ದು ಮಾಧ್ಯಮದ ಮಕ್ಕಳಿಗೆ ಇನ್ನೊಂದು ತೊಡಕೂ ಇದೆ. ಉರ್ದು ವ್ಯಾಕರಣದಲ್ಲಿ ಈ ಮೂರಕ್ಕೂ ಹೆಸರುಗಳಿವೆ: ಮಾಝಿ ಮುತ್ಲಖ್, ಮಾಝಿ ಖರೀಬ್, ಮಾಝಿ ಬಯೀದ್. ಖರೀಬ್ ಎಂದರೆ ಹತ್ತಿರದ್ದು, ಬಯೀದ್ ಎಂದರೆ ದೂರದ್ದು. ಮಗು ಈ ಹೆಸರುಗಳನ್ನು ಹಾಗೇ ಇಂಗ್ಲಿಷಿಗೆ ಹೊತ್ತೊಯ್ಯುತ್ತದೆ. ಮೊನ್ನೆ ನಡೆದದ್ದು ಹತ್ತಿರದ್ದು, ಅದಕ್ಕೆ ‘ಹ್ಯಾವ್’. ಇಪ್ಪತ್ತು ವರ್ಷದ ಹಿಂದಿನದು ದೂರದ್ದು, ಅದಕ್ಕೆ ‘ಹ್ಯಾಡ್’. ‘ಹೈದರ್ ಅಲಿ ಹ್ಯಾಡ್ ಕ್ಯಾಪ್ಚರ್ಡ್ ಚಿತ್ರದುರ್ಗ ಇನ್ 1779’ ಎಂದು ಬರೆದ ಉತ್ತರ ಪತ್ರಿಕೆಗಳನ್ನು ನಾನು ಎಣಿಸಲಾರೆ. ಎಷ್ಟೇ ಹಳೆಯದಾಗಲಿ, ಇಸವಿ ಹೇಳಿದ ಮೇಲೆ ಇಂಗ್ಲಿಷಿಗೆ ಬರೀ ‘ಕ್ಯಾಪ್ಚರ್ಡ್’ ಸಾಕು. ಐದು ನಿಮಿಷದ ಹಿಂದಿನದಾದರೂ ‘ಫೈವ್ ಮಿನಿಟ್ಸ್ ಅಗೋ’ ಎಂದರೆ ‘ಹ್ಯಾವ್’ ಬರುವಂತಿಲ್ಲ. ಇಂಗ್ಲಿಷ್ ಇಲ್ಲಿ ದೂರವನ್ನು ಅಳೆಯುವುದಿಲ್ಲ. ಅರಬ್ಬಿ ಓದಿದ ವಿದ್ಯಾರ್ಥಿಗಳು ‘ಖದ್’ ಎಂಬ ಅವ್ಯಯವನ್ನು ಬಲ್ಲರು. ಭೂತಕಾಲದ ಕ್ರಿಯಾಪದದ ಮುಂದೆ ಅದು ಬಂದರೆ ನಡೆದ ಕಾರ್ಯ ಈಗಿನ ಹೊತ್ತಿಗೆ ಬಂದು ತಾಗುತ್ತದೆ. ಅವರಿಗೆ ‘ಹ್ಯಾವ್’ ಅರ್ಥ ಮಾಡಿಸುವುದು ಸ್ವಲ್ಪ ಸುಲಭ ಎಂದು ನನ್ನ ಅನುಭವ.

ಹಾಗಾದರೆ ಇಂಗ್ಲಿಷ್ ಅಳೆಯುವುದು ಏನನ್ನು? ಹ್ಯಾನ್ಸ್ ರೈಕೆನ್‌ಬಾಕ್ ಎಂಬ ತತ್ವಶಾಸ್ತ್ರಜ್ಞ 1947ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ಗ್ರಂಥದಲ್ಲಿ ಇದನ್ನು ಅಚ್ಚುಕಟ್ಟಾಗಿ ಬಿಡಿಸಿದ್ದಾನೆ. ಘಟನೆ ನಡೆದ ಹೊತ್ತು ಒಂದು, ಮಾತನಾಡುವ ಹೊತ್ತು ಇನ್ನೊಂದು, ನಾವು ನಿಂತು ನೋಡುವ ಹೊತ್ತು ಮೂರನೆಯದು. ‘ವೆಂಟ್’ ಎನ್ನುವವನು ಆ ದಿನಕ್ಕೆ ಹೋಗಿ ನಿಂತು ನೋಡುತ್ತಾನೆ. ‘ಹ್ಯಾವ್’ ಎನ್ನುವವನು ಇಂದು, ಇಲ್ಲೇ ನಿಂತು ಹಿಂದಕ್ಕೆ ನೋಡುತ್ತಾನೆ.

ಮಕ್ಕಳಿಗೆ ರೈಕೆನ್‌ಬಾಕ್ ಬೇಡ. ವಾಣಿ ವಿಲಾಸ ಸಾಗರ ಸಾಕು. 1907ರಲ್ಲಿ ಪೂರ್ಣಗೊಂಡ ನಮ್ಮ ಮಾರಿಕಣಿವೆ ಜಲಾಶಯ 1933ರಲ್ಲಿ ತುಂಬಿ ಕೋಡಿ ಬಿದ್ದಿತು. ಆಮೇಲೆ ಎಂಬತ್ತೊಂಬತ್ತು ವರ್ಷ ಬೀಳಲಿಲ್ಲ. ನಾವೆಲ್ಲ ಮಕ್ಕಳಿಗೆ, ‘ದಿ ಡ್ಯಾಮ್ ಹ್ಯಾಸ್ ಓವರ್‌ಫ್ಲೋನ್’ ಅಲ್ಲ, ‘ಹ್ಯಾಸ್ ಓವರ್‌ಫ್ಲೋಡ್ ಓನ್ಲಿ ಒನ್ಸ್’ ಎಂದು ಕಲಿಸುತ್ತಿದ್ದೆವು (ಫ್ಲೋ ಮತ್ತು ಫ್ಲೈ ಬೇರೆ ಬೇರೆ, ಅದನ್ನೂ ನೆನಪಿಡಿ). 2022ರ ಸೆಪ್ಟೆಂಬರಿನಲ್ಲಿ ಕೋಡಿ ಮತ್ತೆ ಹರಿಯಿತು. ಹಿರಿಯೂರಿನ ದಾರಿಯೆಲ್ಲ ಜನವೋ ಜನ. ಅಂದು ನಮ್ಮ ಹಳೆಯ ವಾಕ್ಯ ಸುಳ್ಳಾಯಿತು. 2025ರಲ್ಲಿ ಮತ್ತೆ ಕೋಡಿ ಬಿದ್ದಿತು, ‘ಟ್ವೈಸ್’ ಎಂದು ತಿದ್ದಿಕೊಂಡವರ ವಾಕ್ಯವೂ ಸುಳ್ಳಾಯಿತು. ಆದರೆ ‘ದಿ ಡ್ಯಾಮ್ ಓವರ್‌ಫ್ಲೋಡ್ ಇನ್ 1933’ ಎಂಬ ವಾಕ್ಯಕ್ಕೆ ಏನೂ ಆಗಲಿಲ್ಲ, ಇನ್ನು ನೂರು ವರ್ಷಕ್ಕೂ ಆಗುವುದಿಲ್ಲ. ಸಿಂಪಲ್ ಪಾಸ್ಟ್ ಮುಚ್ಚಿದ ಖಾತೆ. ಪ್ರೆಸೆಂಟ್ ಪರ್ಫೆಕ್ಟ್ ಇನ್ನೂ ನಡೆಯುತ್ತಿರುವ ಖಾತೆ. ನಾಳೆ ಅದರಲ್ಲಿ ಹೊಸ ಜಮೆ ಬೀಳಬಹುದು.

ತೀರಿಕೊಂಡವರ ವಿಷಯದಲ್ಲೂ ಹೀಗೆಯೇ. ತ.ರಾ.ಸು. 1984ರಲ್ಲಿ ನಿಧನರಾದರು. ಅವರ ‘ದುರ್ಗಾಸ್ತಮಾನ’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರ ಮರಣಾನಂತರ. ಅವರನ್ನು ಕುರಿತು ‘ಹಿ ರೋಟ್ ಮೆನಿ ನಾವೆಲ್ಸ್’ ಎನ್ನಬೇಕು. ‘ಹಿ ಹ್ಯಾಸ್ ರಿಟನ್’ ಎಂದರೆ ಅವರು ಇನ್ನೂ ಬರೆಯುತ್ತಿರಬಹುದು ಎಂಬ ಧ್ವನಿ ಬರುತ್ತದೆ. ಪುಸ್ತಕದ ಮಾತು ಬೇರೆ. ಓದುಗರು ಇನ್ನೂ ಇದ್ದಾರಲ್ಲ, ‘ಮೆನಿ ಪೀಪಲ್ ಹ್ಯಾವ್ ರೆಡ್ ದುರ್ಗಾಸ್ತಮಾನ’ ಎನ್ನಬಹುದು.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬರುತ್ತೇನೆ. ಶಿಕ್ಷಕರು ಈ ಪಾಠವನ್ನು ‘ನಾನು ಬಂದೆ, ನಾನು ಬಂದಿದ್ದೇನೆ’ ಎಂದು ಆರಂಭಿಸುತ್ತಾರೆ. ಅಲ್ಲಿಂದ ಆರಂಭಿಸಬೇಡಿ. ‘ಇಲ್ಲ’ ಎಂಬಲ್ಲಿಂದ ಆರಂಭಿಸಿ. ಹಾಜರಿ ಕರೆಯುವಾಗ ಒಬ್ಬ ಹುಡುಗ ಇಲ್ಲ. ಗಂಟೆ ಹತ್ತೂ ಕಾಲು. ಪಕ್ಕದವನನ್ನು ಕೇಳಿದರೆ, ‘ಅವನು ಬಂದಿಲ್ಲ ಸಾರ್’ ಎನ್ನುತ್ತಾನೆ. ಬಸ್ಸು ತಡವಾಗಿರಬಹುದು, ಈಗಲೋ ಆಗಲೋ ಬಾಗಿಲಲ್ಲಿ ಮುಖ ತೋರಿಸಬಹುದು. ಸಂಜೆ ಗಂಟೆ ಹೊಡೆದ ಮೇಲೆ ಅದೇ ಹುಡುಗ, ‘ಅವನು ಇವತ್ತು ಬರಲಿಲ್ಲ ಸಾರ್’ ಎನ್ನುತ್ತಾನೆ. ‘ಬಂದಿಲ್ಲ’ ಎಂದರೆ ‘ಹ್ಯಾಸಂಟ್ ಕಮ್’. ‘ಬರಲಿಲ್ಲ’ ಎಂದರೆ ‘ಡಿಡಂಟ್ ಕಮ್’. ನಾಲ್ಕನೆಯ ಕ್ಲಾಸಿನ ಮಗು ಕೂಡ ಇವೆರಡನ್ನು ಅದಲು ಬದಲು ಮಾಡದು. ಉರ್ದುವಿನಲ್ಲಿ ಸಾಮಾನ್ಯವಾಗಿ ಎರಡಕ್ಕೂ ‘ನಹೀಂ ಆಯಾ’ ಎಂದೇ ಮುಗಿಸುತ್ತೇವೆ. ಆದ್ದರಿಂದ ಉರ್ದು ಮಾಧ್ಯಮದಲ್ಲೂ ಈ ಒಂದು ಪಾಠಕ್ಕೆ ಕನ್ನಡದ ಸಹಾಯ ಪಡೆಯಿರಿ ಎಂದು ಹೇಳುತ್ತೇನೆ. ನಮ್ಮ ಮಕ್ಕಳಿಗೆ ಬಸ್ ಸ್ಟ್ಯಾಂಡಿನ ಕನ್ನಡ ಚೆನ್ನಾಗಿಯೇ ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಮಳೆ. ಶೇಂಗಾ ಬಿತ್ತಬೇಕಾದ ರೈತ ಜುಲೈ ತಿಂಗಳಲ್ಲಿ ‘ಮಳೆ ಬಂದಿಲ್ಲ’ ಎನ್ನುತ್ತಾನೆ, ಆಕಾಶ ನೋಡುತ್ತಾನೆ. ನವೆಂಬರಿನಲ್ಲಿ ‘ಈ ವರ್ಷ ಮಳೆ ಬರಲಿಲ್ಲ’ ಎನ್ನುತ್ತಾನೆ, ಆಕಾಶ ನೋಡುವುದಿಲ್ಲ. ‘ದಿ ರೇನ್ಸ್ ಹ್ಯಾವಂಟ್ ಕಮ್’, ‘ದಿ ರೇನ್ಸ್ ಡಿಡಂಟ್ ಕಮ್’. ಹೊಸದುರ್ಗದ ಕಡೆಯ ಒಂದು ಶಾಲೆಯಲ್ಲಿ ನಾನು ಇಷ್ಟು ಹೇಳಿ ಸುಮ್ಮನೆ ನಿಂತೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸಾರ್, ಮೊದಲನೆಯದರಲ್ಲಿ ಇನ್ನೂ ಬೀಜ ಮನೆಯಲ್ಲಿದೆ’ ಎಂದಳು. ಇಪ್ಪತ್ತೈದು ವರ್ಷ ನಾನು ಕೊಟ್ಟ ಎಲ್ಲ ವಿವರಣೆಗಿಂತ ಅದು ಚೆನ್ನಾಗಿತ್ತು.

ಒಂದು ಎಚ್ಚರಿಕೆ. ‘ನಿನ್ನೆ ಅವನು ಬಂದಿಲ್ಲ’ ಎಂದು ಕನ್ನಡದಲ್ಲಿ ಹೇಳುವವರೂ ಇದ್ದಾರೆ. ‘ಅವನು ನಿನ್ನೆ ಬಂದಿದ್ದಾನೆ’ ಎಂಬುದಂತೂ ದಿನನಿತ್ಯದ ಮಾತು. ಇಂಗ್ಲಿಷಿನಲ್ಲಿ ‘ಹ್ಯಾಸ್ ಕಮ್’ ಜೊತೆಗೆ ‘ಯೆಸ್ಟರ್‌ಡೇ’ ನಿಲ್ಲುವುದಿಲ್ಲ. ಆದ್ದರಿಂದ ‘ಇಲ್ಲ’ದಿಂದ ಭಾವ ಹಿಡಿದ ಮೇಲೆ ಮಕ್ಕಳಿಗೆ ಒಂದೇ ಪ್ರಶ್ನೆ ಕೊಡಿ: ವಾಕ್ಯದಲ್ಲಿ ‘ಯಾವಾಗ?’ ಎಂಬುದಕ್ಕೆ ಮುಗಿದ ಹೊತ್ತಿನ ಉತ್ತರ ಇದೆಯೇ? ನಿನ್ನೆ, ಹೋದ ವರ್ಷ, 1933ರಲ್ಲಿ? ಇದ್ದರೆ ‘ಹ್ಯಾವ್’ ಅಳಿಸಿ.

ತರಗತಿಯಲ್ಲಿ ಜೋಡಿ ಮಾಡಿ ಮಾತನಾಡಿಸಿ. ‘ಹ್ಯಾವ್ ಯು ಬೀನ್ ಟು ದಿ ಫೋರ್ಟ್?’ ‘ಯೆಸ್, ಐ ಹ್ಯಾವ್.’ ‘ವೆನ್ ಡಿಡ್ ಯು ಗೋ?’ ‘ಐ ವೆಂಟ್ ಲಾಸ್ಟ್ ಬಕ್ರೀದ್.’ ಇಂಗ್ಲಿಷರ ಮಾತಿನ ನಡಿಗೆಯೇ ಹೀಗೆ. ‘ಹ್ಯಾವ್’ ಬಾಗಿಲು ತೆರೆಯುತ್ತದೆ, ಒಳಗೆ ಹೋದ ಮೇಲೆ ಎಲ್ಲ ‘ಡಿಡ್’, ‘ವೆಂಟ್’, ‘ಸಾ’. ಹೋಗಿ ಬಂದವನಿಗೆ ‘ಬೀನ್’, ಹೋಗಿ ಇನ್ನೂ ಬಾರದವನಿಗೆ ‘ಗಾನ್’ ಎಂಬುದನ್ನೂ ಇಲ್ಲೇ ಹೇಳಿಬಿಡಿ. ನಿಮ್ಮ ಮುಂದೆ ನಿಂತೇ ‘ಐ ಹ್ಯಾವ್ ಗಾನ್ ಟು ಹೊಳಲ್ಕೆರೆ’ ಎನ್ನುವ ಹುಡುಗ ಒಂದು ಪವಾಡವನ್ನೇ ಮಾಡಿದಂತೆ!

ಮೆಕ್ಯಾನಿಕ್ ಹುಡುಗನ ವಾಕ್ಯಕ್ಕೆ ಮತ್ತೆ ಬರೋಣ. ‘ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎನ್ನುವಾಗ ಕನ್ನಡ ವರ್ತಮಾನ ಕಾಲವನ್ನು ಬಳಸುತ್ತದೆ, ಉರ್ದುವೂ ಹಾಗೆಯೇ. ಅದಕ್ಕೇ ನಮ್ಮವರು ‘ಐ ಆ್ಯಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್’ ಎನ್ನುತ್ತಾರೆ. ಆರಂಭ ಹಿಂದೆ, ಮುಂದುವರಿಕೆ ಇಂದು; ಇಂಗ್ಲಿಷಿಗೆ ಇಲ್ಲಿ ‘ಹ್ಯಾವ್’ ಬೇಕೇ ಬೇಕು: ‘ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್’. ಅರ್ಜಿ ಬರೆಯುವ ವಿದ್ಯಾರ್ಥಿಗಳು ಇದೊಂದನ್ನಾದರೂ ನೆನಪಿಡಿ: ಈಗಿರುವ ಕೆಲಸಕ್ಕೆ ‘ಹ್ಯಾವ್ ವರ್ಕ್ಡ್’, ಬಿಟ್ಟ ಕೆಲಸಕ್ಕೆ ‘ವರ್ಕ್ಡ್’, ಪಾಸಾದ ವರ್ಷ ಬರೆದರೆ ‘ಪಾಸ್ಡ್’.

‘ಹ್ಯಾಡ್’ ಹಾಗಾದರೆ ಯಾವಾಗ ಎಂದು ಒಬ್ಬ ಶಿಕ್ಷಕಿ ಚೀಟಿ ಕಳುಹಿಸಿದ್ದಾರೆ. ಒನಕೆ ಓಬವ್ವನ ಕಥೆ ಹೇಳಿಸಿ. ಕಾವಲುಗಾರ ಊಟಕ್ಕೆ ಮನೆಗೆ ಬಂದ, ಓಬವ್ವ ನೀರಿಗೆ ಹೋದಳು, ಕಿಂಡಿಯಲ್ಲಿ ಸೈನಿಕರು ನುಸುಳುವುದನ್ನು ಕಂಡಳು. ಇದೆಲ್ಲ ಸಾಲಾಗಿ ಸಿಂಪಲ್ ಪಾಸ್ಟ್. ಗಂಡ ಊಟ ಮುಗಿಸಿ ಹಿಂದಿರುಗಿ ಬಂದು ನೋಡುತ್ತಾನೆ, ಅಷ್ಟರಲ್ಲಿ ಅವಳು ಒನಕೆಯಿಂದ ಅನೇಕರನ್ನು ಕೊಂದಿದ್ದಳು. ಅಲ್ಲಿ, ಅಲ್ಲಿ ಮಾತ್ರ, ‘ಶಿ ಹ್ಯಾಡ್ ಕಿಲ್ಡ್’. ಒಂದು ಕಥೆಗೆ ಒಂದು ‘ಹ್ಯಾಡ್’ ಎಂದು ನಾನು ಮಕ್ಕಳಿಗೆ ಕಂಜೂಸಿ ಕಲಿಸುತ್ತಿದ್ದೆ.

ಇನ್ನೊಂದು ಚೀಟಿ ವಿದ್ಯಾರ್ಥಿಯದು. ಅಮೆರಿಕನ್ ಸಿನಿಮಾಗಳಲ್ಲಿ ‘ಡಿಡ್ ಯು ಈಟ್ ಯೆಟ್?’ ಎನ್ನುತ್ತಾರಲ್ಲ, ಅದು ತಪ್ಪೇ ಎಂದು ಕೇಳಿದ್ದಾನೆ. ತಪ್ಪಲ್ಲಪ್ಪ. ಜಸ್ಟ್, ಆಲ್ರೆಡಿ, ಯೆಟ್ ಇದ್ದಾಗ ಅಮೆರಿಕನ್ನರು ಸಿಂಪಲ್ ಪಾಸ್ಟನ್ನೂ ಧಾರಾಳವಾಗಿ ಬಳಸುತ್ತಾರೆ. ಬ್ರಿಟಿಷರು ‘ಹ್ಯಾವ್ ಯು ಈಟನ್ ಯೆಟ್?’ ಎನ್ನುತ್ತಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನೀನು ಬ್ರಿಟಿಷರ ಹಾದಿ ಹಿಡಿದರೆ ಕ್ಷೇಮ. ಊಟದ ಮಾತು ಬಂದದ್ದರಿಂದ ಹೇಳುತ್ತೇನೆ, ಹಿಂದಿನ ಬಾಗಿಲಲ್ಲಿ ನಿಂತಿರುವ ಕಾರ್ಯದರ್ಶಿಗಳು ಬಹಳ ಹೊತ್ತಿನಿಂದ ನನಗೆ ಕೈಸನ್ನೆ ಮಾಡುತ್ತಿದ್ದಾರೆ. ಊಟ ಸಿದ್ಧವಾಗಿದೆಯಂತೆ, ಯಾರೂ ಇನ್ನೂ ಬಡಿಸಿಲ್ಲವಂತೆ.