ಪಾಟ್ಸ್ಕುವಾರೊ: ಸರೋವರದ ದಡದ ಒಂದು ಸಣ್ಣ ಊರು
(ವಾಚನಾಲಯದಲ್ಲಿ ಮಾಡಿದ ಭಾಷಣ)



ಮೆಕ್ಸಿಕೋ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಮರಳುಗಾಡು, ಕಳ್ಳಿಗಿಡ, ಅಗಲವಾದ ಟೋಪಿ. ಇದೆಲ್ಲ ಸಿನಿಮಾ ಕಲಿಸಿದ ಪಾಠ. ನಾವು ನೋಡಿಬಂದ ಪಾಟ್ಸ್ಕುವಾರೊ ಬೇರೆಯೇ ಬಗೆಯ ಊರು. ರಾಜಧಾನಿಯಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಐದಾರು ಗಂಟೆಯ ದಾರಿ. ಮಿಚೊವಾಕಾನ್ ಎಂಬ ಪ್ರಾಂತ. ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರ. ಸುತ್ತ ಪೈನ್ ಮರಗಳ ಗುಡ್ಡಗಳು, ಪಕ್ಕದಲ್ಲಿ ಸರೋವರ. ಮುಂಜಾನೆ ಕಂಬಳಿ ಬೇಕೆನ್ನಿಸುವ ಚಳಿ. ಈ ಊರಿನ ಮಾತನ್ನು ತಮ್ಮ ಮುಂದೆ ಎತ್ತಿದ್ದಕ್ಕೆ ಕಾರಣವುಂಟು. ದುಡಿಮೆಗಾಗಿ ಊರು ಬಿಡುವುದು ಅಲ್ಲಿಯೂ ಮನೆಮನೆಯ ಕಥೆ. ಬಿಟ್ಟುಹೋದವರನ್ನು ಆ ಊರು ಹೇಗೆ ಹಿಡಿದಿಟ್ಟುಕೊಂಡಿದೆ ಎಂಬುದು ನಾವು ನೀವು ಯೋಚಿಸತಕ್ಕ ವಿಷಯ.

ಊರಿನ ಮನೆಗಳಿಗೆಲ್ಲ ಹೆಂಚಿನ ಮಾಡು. ಗೋಡೆಗೆ ಮೇಲೆ ಸುಣ್ಣದ ಬಿಳಿ, ಕೆಳಗೆ ಕಾವಿಯ ಪಟ್ಟಿ. ನಮ್ಮ ಕಡೆಯ ಹಳೆಯ ಬೀದಿಯೊಂದರಲ್ಲಿ ನಡೆದಂತೆಯೇ ಆಯಿತು. ನಡುವೆ ದೊಡ್ಡ ಚೌಕ. ಸ್ಪೇನಿನವರು ಕಟ್ಟಿದ ಊರುಗಳಲ್ಲಿ ಚೌಕದ ಅಂಚಿಗೆ ಚರ್ಚು ಇರುವುದು ವಾಡಿಕೆ. ಇಲ್ಲಿ ಮಾತ್ರ ಇಲ್ಲ. ಚೌಕದ ಮಧ್ಯೆ ನಿಂತಿರುವುದು ವಾಸ್ಕೊ ದೆ ಕಿರೋಗಾ ಎಂಬಾತನ ಪ್ರತಿಮೆ. ಜನ ಅವನನ್ನು 'ತಾತಾ ವಾಸ್ಕೊ' ಎನ್ನುತ್ತಾರೆ. ತಾತಾ ಎಂದರೆ ಅವರಲ್ಲಿ ತಂದೆ. ನಮ್ಮ ತಾತನಿಗೂ ಅದಕ್ಕೂ ನಂಟಿಲ್ಲ, ಕಿವಿಗೆ ಮಾತ್ರ ಒಂದೇ.

ಈತನ ಕಥೆಯನ್ನು ಕೊಂಚ ಹೇಳಬೇಕು. ಸರೋವರದ ಸುತ್ತಲಿನ ನಾಡು ಪುರೆಪೆಚಾ ಜನರದು. ಅವರ ರಾಜಧಾನಿ ತ್ಸಿನ್ತ್ಸುನ್ತ್ಸಾನ್. ಹಾಗೆಂದರೆ ಝೇಂಕಾರದ ಹಕ್ಕಿಗಳ ಊರು. ಅವರ ಐದು ಕಲ್ಲು ಜಗಲಿಗಳು ಸರೋವರದತ್ತ ಮುಖಮಾಡಿ ಇಂದಿಗೂ ಸಾಲಾಗಿ ನಿಂತಿವೆ. 1530ರಲ್ಲಿ ನೂನ್ಯೊ ದೆ ಗುಸ್ಮಾನ್ ಎಂಬ ಸ್ಪೇನಿನ ಅಧಿಕಾರಿ ಅವರ ಕೊನೆಯ ದೊರೆಯನ್ನು ಚಿನ್ನಕ್ಕಾಗಿ ಪೀಡಿಸಿ ಕೊಲ್ಲಿಸಿದನು. ಜನ ಬೆದರಿ ಕಾಡು ಹೊಕ್ಕರು. ಆಮೇಲೆ ಬಂದವನು ವಾಸ್ಕೊ. ಮೊದಲು ನ್ಯಾಯಾಧೀಶ, ಅನಂತರ ಬಿಷಪ್. ಥಾಮಸ್ ಮೋರನ 'ಯುಟೋಪಿಯಾ' ಗ್ರಂಥವನ್ನು ಓದಿ, ಅದರಂತೆಯೇ ಊರು ಕಟ್ಟಹೊರಟವನು. ಆಸ್ಪತ್ರೆ, ಸಾಮೂಹಿಕ ಜಮೀನು, ದಿನಕ್ಕೆ ಆರೇ ಗಂಟೆ ಕೆಲಸ, ಇದು ಅವನ ಕಟ್ಟಳೆ. ನಮ್ಮ ಆಫೀಸುಗಳಿಗೆ ಆ ಕಟ್ಟಳೆ ಇನ್ನೂ ಮುಟ್ಟಿಲ್ಲ! ಅವನೂ ಬಂದದ್ದು ಗೆದ್ದವರ ಕಡೆಯಿಂದಲೇ, ಹೊಸ ಮತವನ್ನು ಹೊತ್ತುಕೊಂಡೇ. ಆದರೂ 1565ರಲ್ಲಿ ತೀರಿಕೊಂಡವನನ್ನು ಜನ ಇಂದಿಗೂ ಮನೆಯ ಹಿರಿಯನಂತೆ ನೆನೆಯುತ್ತಾರೆ.

ಒಂದೊಂದು ಹಳ್ಳಿಗೆ ಒಂದೊಂದು ಕಸುಬನ್ನು ಹಂಚಿದವನು ಅವನೇ ಎಂದು ಜನರ ನಂಬಿಕೆ. ಕಸುಬುಗಳಲ್ಲಿ ಹಲವು ಅವನಿಗಿಂತ ಹಳೆಯವು, ಹಂಚಿಕೆಯಂತೂ ಉಳಿದುಕೊಂಡಿದೆ. ಕಪುಲಾದಲ್ಲಿ ಮಡಕೆ, ಪರಾಚೊದಲ್ಲಿ ಗಿಟಾರು, ಸಾಂತಾ ಕ್ಲಾರಾದಲ್ಲಿ ತಾಮ್ರ. ಸಾಂತಾ ಕ್ಲಾರಾದ ಕಮ್ಮಟವೊಂದರಲ್ಲಿ ಅರ್ಧ ದಿನ ನಿಂತು ನೋಡಿದೆವು. ಹಳೆಯ ವಿದ್ಯುತ್ ತಂತಿಗಳನ್ನು ಕರಗಿಸಿ ಗಟ್ಟಿ ಮಾಡುತ್ತಾರೆ. ಕೆಂಪಗೆ ಕಾದ ಗಟ್ಟಿಯನ್ನು ಒಬ್ಬ ಚಿಮಟದಲ್ಲಿ ಹಿಡಿದು ತಿರುಗಿಸುತ್ತಾನೆ; ಸುತ್ತ ನಾಲ್ವರು ಸರದಿ ತಪ್ಪದೆ ಸುತ್ತಿಗೆ ಹಾಕುತ್ತಾರೆ. ಒಬ್ಬನ ಕೈ ತಡವಾದರೂ ಎಲ್ಲರ ಲಯ ಕೆಡುತ್ತದೆ. ಬೆಸುಗೆಯಿಲ್ಲದೆ ಒಂದೇ ಗಟ್ಟಿಯಿಂದ ಕೊಡವು ಎದ್ದುಬರುತ್ತದೆ.

ಊಟದ ಮಾತು. ಜೋಳದೆಲೆಯಲ್ಲಿ, ಎಂದರೆ ಮುಸುಕಿನ ಜೋಳದ ಎಲೆಯಲ್ಲಿ, ಹಿಟ್ಟು ಮಡಿಚಿ ಹಬೆಯಲ್ಲಿ ಬೇಯಿಸಿದ 'ಕೊರುಂದಾ' ನಮ್ಮ ಕೊಟ್ಟೆಕಡುಬಿನ ದಾಯಾದಿ. ಹಿಟ್ಟಿಗೆ ಹಂದಿಯ ಕೊಬ್ಬು ಬೆರೆಸುವುದು ರೂಢಿ. ಸಸ್ಯಾಹಾರಿಗಳು ವಿಚಾರಿಸಿ ತಿನ್ನುವುದು ಲೇಸು.

ಈ ಕೊಠಡಿಯಲ್ಲಿ ಕುಳಿತವರು ಕೇಳಲೇಬೇಕಾದದ್ದು ಇನ್ನೊಂದು. ಸಣ್ಣ ಚೌಕದ ಬಳಿ ಹಳೆಯ ಚರ್ಚೊಂದು ಈಗ ಸಾರ್ವಜನಿಕ ಗ್ರಂಥಾಲಯ. ಅದಕ್ಕಿಟ್ಟ ಹೆಸರು ಹೆರ್ತ್ರೂದಿಸ್ ಬೊಕಾನೆಗ್ರಾ. ಸ್ಪೇನಿನ ವಿರುದ್ಧ ಹೋರಾಡಿ 1817ರಲ್ಲಿ ಇದೇ ಊರಿನಲ್ಲಿ ಗುಂಡಿಗೆ ಬಲಿಯಾದ ತಾಯಿ ಆಕೆ. ಒಳಗೆ ಗೋಡೆಯ ತುಂಬ ಹ್ವಾನ್ ಓಗೋರ್ಮನ್ 1940ರ ದಶಕದ ಆರಂಭದಲ್ಲಿ ಬರೆದ ಚಿತ್ರ. ಆ ನಾಡಿನ ಚರಿತ್ರೆಯೆಲ್ಲ ಅದರಲ್ಲಿದೆ. ಓದಲು ಬಾರದವನೂ ತಲೆಯೆತ್ತಿದರೆ ತನ್ನವರ ಕಥೆಯನ್ನು ಕಾಣಬಹುದು. ಅದರ ಕೆಳಗೆ ಶಾಲೆಯ ಮಕ್ಕಳು ಪಾಠ ಬರೆಯುತ್ತಿದ್ದರು. 1951ರಲ್ಲಿ ಯುನೆಸ್ಕೋ ವಯಸ್ಕರ ಶಿಕ್ಷಣಕ್ಕಾಗಿ ಕೇಂದ್ರವೊಂದನ್ನು ತೆರೆದದ್ದೂ ಈ ಊರಿನಲ್ಲಿಯೇ. ಮಾಜಿ ರಾಷ್ಟ್ರಾಧ್ಯಕ್ಷ ಲಾಸರೊ ಕಾರ್ದೆನಾಸ್ ತಮ್ಮ ಮನೆಯನ್ನೇ ಅದಕ್ಕೆ ಬಿಟ್ಟುಕೊಟ್ಟರು.

ಇಷ್ಟೆಲ್ಲ ಇದ್ದರೂ ಹೊಟ್ಟೆ ಕೇಳಬೇಕಲ್ಲ! 1942ರಿಂದ 1964ರವರೆಗೆ ಒಪ್ಪಂದದ ಕೂಲಿಗಳಾಗಿ ಮಿಚೊವಾಕಾನಿನ ಗಂಡಸರು ಅಮೆರಿಕದ ಹೊಲಗಳಿಗೆ ಹೋದರು. ಒಪ್ಪಂದ ಮುಗಿಯಿತು, ಹೋಗುವುದು ನಿಲ್ಲಲಿಲ್ಲ. ಇಂದಿಗೂ ಆ ಪ್ರಾಂತದ ಎಷ್ಟೋ ಒಲೆಗಳು ಉರಿಯುವುದು ಗಡಿಯಾಚೆಯಿಂದ ಬರುವ ಹಣದಿಂದ. ತಿಂಗಳ ಮೊದಲ ವಾರ ಊರಿಗೆ ದುಡ್ಡು ಕಳಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನವೆಂಬರ್ 1ರ ರಾತ್ರಿ ಸತ್ತವರು ಮನೆಗೆ ಬರುತ್ತಾರೆಂದು ಅವರ ನಂಬಿಕೆ. ಹಾನಿತ್ಸಿಯೊ ದ್ವೀಪದಲ್ಲಿ, ದಡದ ಹಳ್ಳಿಗಳಲ್ಲಿ, ಹೆಂಗಸರು ಸಮಾಧಿಗಳ ಬಳಿ ಮೇಣದಬತ್ತಿ ಹಚ್ಚಿ, ಅಗಲಿದವರ ಇಷ್ಟದ ತಿಂಡಿಯಿಟ್ಟು, ಬೆಳಗಿನವರೆಗೆ ಕೂಡುತ್ತಾರೆ. ನಮ್ಮ ಮಹಾಲಯ ಅಮಾವಾಸ್ಯೆ ನೆನಪಾಗದಿರದು. ಸಮಾಧಿಗಳ ಮೇಲೆಲ್ಲ ಚೆಂಡುಹೂವು. ನಾವು ಆಯುಧಪೂಜೆಗೆ ಕಟ್ಟುವ ದೊಡ್ಡ ಚೆಂಡುಹೂವಿನ ಮೂಲನಾಡು ಮೆಕ್ಸಿಕೋ. ಮೆಣಸಿನಕಾಯಿಯದೂ ಅದೇ ಕಡೆ. ಆ ರಾತ್ರಿಗಾಗಿ ದೂರದ ಪಟ್ಟಣಗಳಿಂದ ಮಕ್ಕಳು ಬಸ್ಸು ಹತ್ತಿ ಬರುತ್ತಾರೆ. ಬರಲಾಗದವರೂ ಇದ್ದಾರೆ. ಕಾಗದಪತ್ರವಿಲ್ಲದೆ ಗಡಿ ದಾಟಿದವರು ಒಮ್ಮೆ ಬಂದರೆ ಮತ್ತೆ ಕೆಲಸಕ್ಕೆ ಮರಳುವುದು ಕಷ್ಟ. ಸತ್ತವರು ವರ್ಷಕ್ಕೊಮ್ಮೆ ಮನೆಗೆ ಬರುವ ಊರಿನಲ್ಲಿ ಬದುಕಿರುವ ಮಗ ಬರಲಾರ!

ಕಾದು ಕುಳಿತ ಊರಿಗೂ ಕಷ್ಟ ಬಂದಿದೆ. ಸರೋವರ ಮೊದಲಿಗಿಂತ ಬಹಳ ಕುಗ್ಗಿದೆ. ಕಾಡು ಕಡಿದು ಹೂಳು ತುಂಬಿತು. ಹೆಸರಾಂತ ಬಿಳಿಮೀನು ಅಪರೂಪವಾಯಿತು. ಚಿಟ್ಟೆರೆಕ್ಕೆಯಂಥ ಬಲೆಗಳನ್ನು ಬೆಸ್ತರು ಈಗ ಬೀಸುವುದು ಬಹುಮಟ್ಟಿಗೆ ಪ್ರವಾಸಿಗರ ಕ್ಯಾಮೆರಾಗಳಿಗಾಗಿ. 2024ರ ಬರಗಾಲದಲ್ಲಿ ನೀರು ಬಹಳ ಇಳಿದಾಗ ಹಣ್ಣಿನ ತೋಟಗಳಿಗೆಂದು ಟ್ಯಾಂಕರುಗಳಲ್ಲಿ ಕದ್ದು ಒಯ್ಯುವುದೂ ನಡೆಯಿತು.

ಪುರೆಪೆಚಾ ಭಾಷೆಗೆ ಲೋಕದ ಯಾವ ಭಾಷೆಯೊಡನೆಯೂ ನಂಟು ಸಿದ್ಧವಾಗಿಲ್ಲ. 2020ರ ಜನಗಣತಿಯಂತೆ ಆಡುವವರು ಸುಮಾರು 1,40,000. ಆದರೂ ಸಂತೆಯಲ್ಲಿ ಮುದುಕಿಯರು ಮೊಮ್ಮಕ್ಕಳೊಡನೆ ಅದನ್ನೇ ಆಡುತ್ತಿದ್ದರು. ಅವರಿಗೆ ಭಾಷೆಯನ್ನು ಉಳಿಸಿದ್ದು ಯಾರ ಭಾಷಣವೂ ಅಲ್ಲ. ವ್ಯಾಪಾರ, ಜಗಳ, ಜೋಗುಳ ಎಲ್ಲವೂ ಅದರಲ್ಲೇ ನಡೆದದ್ದರಿಂದ ಅದು ಉಳಿಯಿತು. ಊರಿಂದ ದೂರವಿದ್ದು ಮಕ್ಕಳನ್ನು ಬೆಳೆಸುತ್ತಿರುವ ನಾವು ಆ ಸಂತೆಯಿಂದ ತರಬೇಕಾದದ್ದು ಇದು. ಹೊರಡುವಾಗ ತಾಮ್ರದ ಪುಟ್ಟ ತಂಬಿಗೆಯೊಂದನ್ನು ಕೊಂಡೆವು. ಮೇಜಿನ ಮೇಲೆ ಇಟ್ಟಿದ್ದೇವೆ; ಸುತ್ತಿಗೆಯ ಗುರುತುಗಳನ್ನು ತಾವು ಕೈಯಾಡಿಸಿ ನೋಡಬಹುದು.